ಬೇಯಿಸಿದಷ್ಟು ಬಿಸಿಯಾಗಿ ಯಾವುದನ್ನೂ ಉಣ್ಣುವುದಿಲ್ಲ: ಸಾಂತ್ವನದ ಒಂದು ಜರ್ಮನ್ ಗಾದೆಯನ್ನು ಕಲಿಯುವ ಸಮಗ್ರ ಮಾರ್ಗದರ್ಶಿ

ಜರ್ಮನ್ ಕಲಿಯಲು ಹೊರಟವರಿಗೆ ಗಾದೆಗಳ ಉದ್ದನೆಯ ಪಟ್ಟಿಗಳು ಸುಲಭವಾಗಿ ಸಿಗುತ್ತವೆ. ಆದರೆ ಅಂಥ ಪಟ್ಟಿಯನ್ನು ಬಾಯಿಪಾಠ ಮಾಡಿದವರು, ಎದುರಿಗಿರುವ ಸಹೋದ್ಯೋಗಿ ಮುಖ ಬಾಡಿಸಿಕೊಂಡು ಕುಳಿತಿರುವ ಹೊತ್ತಿನಲ್ಲಿ ಒಂದು ಗಾದೆಯನ್ನೂ ಸರಿಯಾಗಿ ಹೇಳಲಾರದೆ ತಡವರಿಸುವುದೇ ಹೆಚ್ಚು. ಗಾದೆಯ ಅರ್ಥ ತಿಳಿದಿರುವುದು ಬೇರೆ. ಅದರ ಉಚ್ಚಾರ, ವಾಕ್ಯರಚನೆ, ಹೇಳುವ ಸಮಯ ಮತ್ತು ಹೇಳಬಾರದ ಸಮಯ ಇವೆಲ್ಲವೂ ನಾಲಿಗೆಗೆ ಮತ್ತು ಮನಸ್ಸಿಗೆ ಒಟ್ಟಿಗೆ ಒಗ್ಗಿರುವುದು ಬೇರೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಗಾದೆಯನ್ನು ತೆಗೆದುಕೊಂಡು, ಅದನ್ನು ಸಂಪೂರ್ಣವಾಗಿ ವಶಮಾಡಿಕೊಳ್ಳುವ ಬಗೆಯನ್ನು ಹಂತ ಹಂತವಾಗಿ ವಿವರಿಸಲಾಗಿದೆ. ಆ ಗಾದೆ ಇದು:

"ಎಸ್ ವಿರ್ಟ್ ನಿಹ್ಟ್ಸ್ ಜ಼ೋ ಹಾಯ್ಸ್ ಗೆಗೆಸ್ಸೆನ್, ವೀ ಎಸ್ ಗೆಕೊಖ್ಟ್ ವಿರ್ಟ್."

ಯಾವುದನ್ನೂ ಬೇಯಿಸಿದಷ್ಟೇ ಬಿಸಿಯಾಗಿ ಉಣ್ಣುವುದಿಲ್ಲ ಎಂಬುದು ಇದರ ನೇರ ಅರ್ಥ. ಇದನ್ನು ಆರಿಸಿಕೊಳ್ಳಲು ಕಾರಣಗಳಿವೆ. ಜರ್ಮನಿಯಲ್ಲಿ ಇದು ಪುಸ್ತಕದಲ್ಲಿ ಮಾತ್ರ ಉಳಿದಿರುವ ಮಾತಲ್ಲ. ಕಚೇರಿಯಲ್ಲಿ, ಮನೆಯಲ್ಲಿ, ಪತ್ರಿಕೆಗಳ ರಾಜಕೀಯ ಅಂಕಣಗಳಲ್ಲಿ ಇಂದಿಗೂ ಓಡಾಡುತ್ತಿರುವ ಮಾತು. ಹತ್ತು ಪದಗಳ ಈ ವಾಕ್ಯದಲ್ಲಿ ನಾಮಪದ ಒಂದೂ ಇಲ್ಲ. ಹಾಗಾಗಿ ಹೊಸಬರನ್ನು ಸದಾ ಕಾಡುವ 'ಡೇರ್, ಡೀ, ಡಾಸ್' ಎಂಬ ಮೂರು ಲಿಂಗಗಳ ಗೊಂದಲಕ್ಕೆ ಇಲ್ಲಿ ಎಡೆಯಿಲ್ಲ. ಮೇಲೆ ಎರಡು ಚುಕ್ಕೆಗಳಿರುವ ಸ್ವರಗಳೂ ಇಲ್ಲ. 'ನೀನು', 'ನೀವು' ಎಂಬ ಸಂಬೋಧನೆಯೂ ಇಲ್ಲದಿರುವುದರಿಂದ ಮೇಲಧಿಕಾರಿಗೂ ಗೆಳೆಯನಿಗೂ ಒಂದಕ್ಷರ ಬದಲಿಸದೆ ಇದನ್ನು ಹೇಳಬಹುದು.

ಮೊದಲ ಹಂತ: ಗಾದೆಯ ವ್ಯಾಪ್ತಿಯನ್ನು ಗುರುತಿಸುವುದು

ಒಲೆಯ ಮೇಲೆ ಕೊತಕೊತ ಕುದಿಯುತ್ತಿರುವ ಸಾರು ತಟ್ಟೆಗೆ ಬಂದು, ಅನ್ನದೊಂದಿಗೆ ಬೆರೆತು, ಬಾಯಿಗೆ ಹೋಗುವಷ್ಟರಲ್ಲಿ ಆರಿರುತ್ತದೆ. ಕೈಯಲ್ಲಿ ಕಲಸಿ ಉಣ್ಣುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಕೇಳಿದಾಗ ಭಯ ಹುಟ್ಟಿಸುವ ಸುದ್ದಿ, ಕಠಿಣವಾದ ಹೊಸ ನಿಯಮ ಅಥವಾ ಸಿಟ್ಟಿನಲ್ಲಿ ಹಾಕಿದ ಬೆದರಿಕೆ ಕಾರ್ಯರೂಪಕ್ಕೆ ಬರುವ ಹೊತ್ತಿಗೆ ಮೆತ್ತಗಾಗಿರುತ್ತದೆ ಎಂಬುದು ಗಾದೆಯ ಭರವಸೆ.

ಕನ್ನಡದಲ್ಲಿ ಇದಕ್ಕೆ ಹತ್ತಿರವಾದದ್ದು 'ಬೆಟ್ಟದ ಹಾಗೆ ಬಂದದ್ದು ಮಂಜಿನ ಹಾಗೆ ಕರಗಿಹೋಯಿತು' ಎಂಬ ಮಾತು. ಆದರೆ ಅದನ್ನು ನಾವು ಹೆಚ್ಚಾಗಿ ಕಷ್ಟ ಕಳೆದ ಮೇಲೆ ನಿಟ್ಟುಸಿರಿನೊಂದಿಗೆ ಹೇಳುತ್ತೇವೆ, ಇಲ್ಲವೇ ಹಾಗೆ ಕರಗಲಿ ಎಂದು ಹಾರೈಸುತ್ತೇವೆ. ಜರ್ಮನ್ ಗಾದೆಯನ್ನು ಹೇಳುವುದು ಕಷ್ಟ ಇನ್ನೂ ಮುಂದೆ ಇರುವಾಗ. 'ಬೊಗಳುವ ನಾಯಿ ಕಚ್ಚುವುದಿಲ್ಲ' ಎಂಬುದನ್ನು ಇದರ ಸಮಾನಾರ್ಥಕವೆಂದು ಕೆಲವರು ಕೊಡುತ್ತಾರೆ, ಅದು ಸರಿಯಲ್ಲ. ಆ ಮಾತು ಬೆದರಿಸುವ ವ್ಯಕ್ತಿಯನ್ನು ಕುರಿತದ್ದು, ಅದರಲ್ಲಿ ಸ್ವಲ್ಪ ತಿರಸ್ಕಾರವೂ ಇದೆ, ಮತ್ತು ಜರ್ಮನ್ನರಲ್ಲಿ ಅದಕ್ಕೆ ನಾಯಿಯದೇ ಆದ ಬೇರೆ ಗಾದೆ ಇದೆ. ನಮ್ಮ ಗಾದೆ ಯಾರನ್ನೂ ಹೀಗಳೆಯುವುದಿಲ್ಲ. ವಿಷಯವೇ ಕಾಲಕ್ರಮದಲ್ಲಿ ತಣ್ಣಗಾಗುತ್ತದೆ ಎಂದಷ್ಟೇ ಹೇಳುತ್ತದೆ.

ಇದರಿಂದ ಎರಡು ಷರತ್ತುಗಳು ಹೊರಡುತ್ತವೆ, ಮತ್ತು ಇಡೀ ಕಲಿಕೆಯಲ್ಲಿ ಇವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮೊದಲನೆಯದು, ಭಯ ಹುಟ್ಟಿಸಿದ ಸಂಗತಿ ಘೋಷಣೆಯಾಗಿರಬೇಕು ಆದರೆ ಇನ್ನೂ ನಡೆದಿರಬಾರದು. ಎರಡನೆಯದು, ಘೋಷಣೆಗೂ ಜಾರಿಗೂ ನಡುವೆ ಅದನ್ನು ಮೆತ್ತಗಾಗಿಸಬಲ್ಲ ಸಮಯ, ಮಾತುಕತೆ ಅಥವಾ ರೂಢಿಯ ಅವಕಾಶ ನಿಜವಾಗಿಯೂ ಇರಬೇಕು. ಜರ್ಮನ್ ರಾಜಕೀಯ ವರದಿಗಳಲ್ಲಿ ಈ ಗಾದೆ ಪದೇ ಪದೇ ಕಾಣಿಸುವುದು ಈ ಎರಡನೆಯ ಕಾರಣಕ್ಕಾಗಿಯೇ. ಸರ್ಕಾರ ಮಂಡಿಸಿದ ಮಸೂದೆ ಸಂಸತ್ತಿನ ಸಮಿತಿಗಳನ್ನೂ ಮೈತ್ರಿಪಕ್ಷಗಳ ಚೌಕಾಸಿಯನ್ನೂ ದಾಟಿ ಬರುವಾಗ ಮೊದಲಿನ ರೂಪದಲ್ಲಿ ಉಳಿಯುವುದು ಅಪರೂಪ. ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಸಂಸದೀಯ ನಾಯಕರೂ 2002ರಿಂದ 2005ರವರೆಗೆ ರಕ್ಷಣಾ ಸಚಿವರೂ ಆಗಿದ್ದ ಪೀಟರ್ ಸ್ಟ್ರುಕ್ ಅವರು, ಯಾವ ಮಸೂದೆಯೂ ಸಂಸತ್ತಿಗೆ ಬಂದ ರೂಪದಲ್ಲೇ ಹೊರಗೆ ಹೋಗುವುದಿಲ್ಲ ಎಂಬ ಅರ್ಥದಲ್ಲಿ ಆಡಿದ ಮಾತು 'ಸ್ಟ್ರುಕ್ ನಿಯಮ' ಎಂದೇ ಅಲ್ಲಿ ಪ್ರಸಿದ್ಧವಾಗಿದೆ. ಅಡುಗೆಮನೆಯ ಗಾದೆಯನ್ನೇ ಸಂಸತ್ತಿನ ಭಾಷೆಯಲ್ಲಿ ಹೇಳಿದಂತಿದೆ ಅದು.

ಎರಡನೆಯ ಹಂತ: ಉಚ್ಚಾರವನ್ನು ಕೂಡಿಸಿಕೊಳ್ಳುವುದು

ಮೇಲೆ ಕನ್ನಡ ಲಿಪಿಯಲ್ಲಿ ಬರೆದಿರುವುದು ದಾರಿ ತೋರಿಸುವ ಕೈಮರ ಮಾತ್ರ. ಅದನ್ನು ಕನ್ನಡದಂತೆಯೇ ಓದಿದರೆ ಜರ್ಮನ್ನರಿಗೆ ಅರ್ಥವಾಗಬಹುದು, ಆದರೆ ಕಿವಿಗೆ ತೊಡಕಾಗುತ್ತದೆ. ಕನ್ನಡ ಮಾತಾಡುವವರಿಗೆ ಈ ವಾಕ್ಯದಲ್ಲಿ ಎದುರಾಗುವ ತೊಂದರೆಗಳು ಬಹುಪಾಲು ನಮ್ಮ ನುಡಿಯ ಅಭ್ಯಾಸಗಳಿಂದಲೇ ಬರುವಂಥವು, ಆದ್ದರಿಂದ ಅವನ್ನು ಒಂದೊಂದಾಗಿ ನೋಡುವುದು ಒಳ್ಳೆಯದು.

ಮೊದಲ ಪದದಲ್ಲೇ ಒಂದು ಗುಂಡಿ ಇದೆ. 'ಎಲ್ಲಿ' ಎಂದು ಬರೆದು 'ಯೆಲ್ಲಿ' ಎಂದು ಹೇಳುವವರು ನಾವು. ಅದೇ ಅಭ್ಯಾಸದಲ್ಲಿ 'ಎಸ್' ಎಂಬುದು 'ಯೆಸ್' ಆಗಿಬಿಟ್ಟರೆ, ಬೇಸರದಲ್ಲಿರುವವರಿಗೆ ಇಂಗ್ಲಿಷಿನಲ್ಲಿ ಹೌದು ಎಂದಂತೆ ಕೇಳಿಸುತ್ತದೆ. ಜರ್ಮನ್ನಿನಲ್ಲಿ ಸ್ವರದಿಂದ ಶುರುವಾಗುವ ಪದಕ್ಕೆ ಮುಂಚೆ ಗಂಟಲು ಒಂದು ಕ್ಷಣ ಮುಚ್ಚಿ ತೆರೆಯುತ್ತದೆ. ಕೆಮ್ಮುವ ಮುನ್ನ ಗಂಟಲು ಬಿಗಿಯಾಗುವ ಜಾಗವನ್ನು ಗಮನಿಸಿದರೆ ಅದು ತಿಳಿಯುತ್ತದೆ. ಎರಡನೆಯ ಭಾಗದ 'ವೀ ಎಸ್' ಎಂಬಲ್ಲಿ ಇದು ಇನ್ನೂ ಮುಖ್ಯ. ಶಾಲೆಯಲ್ಲಿ ಆಗಮಸಂಧಿ ಓದಿದ ನಾವು ಎರಡು ಸ್ವರಗಳ ನಡುವೆ ಯಕಾರವನ್ನು ತಾನಾಗಿಯೇ ತಂದು 'ವೀಯೆಸ್' ಎನ್ನುತ್ತೇವೆ. ಹಾಗೆ ಕೂಡಿಸದೆ, 'ವೀ' ಎಂದು ನಿಲ್ಲಿಸಿ, 'ಎಸ್' ಎಂದು ಹೊಸದಾಗಿ ಶುರುಮಾಡಬೇಕು.

ಎರಡನೆಯ ತೊಡಕು ಪದಾಂತ್ಯದ ವ್ಯಂಜನಗಳದು. ಬಸ್ಸು, ಕಾರು, ರೋಡು ಎಂದು ಕೊನೆಗೆ ಉಕಾರ ಸೇರಿಸುವುದು ನಮ್ಮ ನಾಲಿಗೆಗೆ ಸಹಜ. ಈ ಗಾದೆಯಲ್ಲಿ 'ಜ಼ೋ' ಮತ್ತು 'ವೀ' ಬಿಟ್ಟರೆ ಉಳಿದ ಎಂಟು ಪದಗಳೂ ವ್ಯಂಜನದಲ್ಲೇ ಮುಗಿಯುತ್ತವೆ. 'ವಿರ್ಟು', 'ಹಾಯ್ಸು', 'ಗೆಕೊಖ್ಟು' ಎಂದು ಎಳೆದರೆ ವಾಕ್ಯದ ಲಯವೇ ಕೆಡುತ್ತದೆ. 'ವಿರ್ಟ್' ಪದವನ್ನು ಬರೆಯುವಾಗ ಕೊನೆಯಲ್ಲಿ ಡಿ ಅಕ್ಷರವಿದೆ, ಆದರೆ ಪದದ ಕೊನೆಯ ಡಕಾರ ಜರ್ಮನ್ನಿನಲ್ಲಿ ಯಾವಾಗಲೂ ಟಕಾರವಾಗಿಯೇ ಕೇಳಿಸುತ್ತದೆ. ಪದದ ಮೊದಲಿನ ಡಬ್ಲ್ಯು ಅಕ್ಷರವನ್ನು ನಮ್ಮ ವಕಾರಕ್ಕಿಂತ ಸ್ವಲ್ಪ ಗಟ್ಟಿಯಾಗಿ, ಮೇಲಿನ ಹಲ್ಲು ಕೆಳತುಟಿಗೆ ತಾಗುವಂತೆ ನುಡಿಯಬೇಕು.

ಇನ್ನು ಈ ಗಾದೆಯ ನಿಜವಾದ ಪರೀಕ್ಷೆ. ಜರ್ಮನ್ ಬರಹದಲ್ಲಿ ಸಿ ಮತ್ತು ಎಚ್ ಜೊತೆಯಾಗಿ ಬರುವ ಕಡೆ ಎರಡು ಬೇರೆ ಬೇರೆ ಧ್ವನಿಗಳಿವೆ, ಮತ್ತು ಅವೆರಡೂ ಈ ಒಂದೇ ವಾಕ್ಯದಲ್ಲಿ ಬರುತ್ತವೆ. 'ನಿಹ್ಟ್ಸ್' ಎಂಬಲ್ಲಿ ಬರುವುದು ತೆಳುವಾದದ್ದು. ಇದನ್ನು ಕಲಿಯಲು, ಯಕಾರವನ್ನು ಹೇಳುವಂತೆ ನಾಲಿಗೆಯ ನಡುಭಾಗವನ್ನು ಅಂಗುಳಿನ ಹತ್ತಿರಕ್ಕೆ ಎತ್ತಿಟ್ಟುಕೊಂಡು, ದನಿಯನ್ನು ನಿಲ್ಲಿಸಿ ಉಸಿರನ್ನು ಮಾತ್ರ ಊದಬೇಕು. ಬೆಕ್ಕು ಬುಸುಗುಡುವ ಸದ್ದಿಗೆ ಅದು ಹತ್ತಿರವಿರುತ್ತದೆ. 'ಗೆಕೊಖ್ಟ್' ಎಂಬಲ್ಲಿ ಬರುವುದು ದಪ್ಪನೆಯದು. ಗಂಟಲಿನ ಹಿಂಭಾಗದಲ್ಲಿ ಉಸಿರು ಉಜ್ಜಿಕೊಂಡು ಹೊರಬರಬೇಕು. ಉರ್ದು ಬಲ್ಲವರು 'ಖಬರ್' ಎನ್ನುವಾಗ ಕೇಳಿಸುವ ಧ್ವನಿ ಇದೇ. ನಮ್ಮ 'ಖ' ಮಹಾಪ್ರಾಣ, ಅಂದರೆ ಉಸಿರನ್ನು ತಡೆದು ಬಿಡುವ ಧ್ವನಿ. ಜರ್ಮನ್ ಧ್ವನಿಯಲ್ಲಿ ತಡೆಯೇ ಇಲ್ಲ. ಯಾವುದು ಎಲ್ಲಿ ಎಂಬುದಕ್ಕೆ ನಿಯಮ ಸರಳವಾಗಿದೆ: ಹಿಂದೆ ಅ, ಒ, ಉ ಅಥವಾ ಔ ಸ್ವರವಿದ್ದರೆ ದಪ್ಪನೆಯದು, ಇ, ಎ ಮುಂತಾದವಿದ್ದರೆ ತೆಳುವಾದದ್ದು.

ತೆಳುವಾದ ಧ್ವನಿ ಬಾರದಿದ್ದಾಗ ಕನ್ನಡಿಗರು ಸಾಮಾನ್ಯವಾಗಿ 'ನಿಶ್ಟ್ಸ್' ಎನ್ನುತ್ತಾರೆ. ಅದಕ್ಕೆ ನಾಚಿಕೆಪಡಬೇಕಾಗಿಲ್ಲ, ಕೊಲೋನ್ ಸುತ್ತಮುತ್ತಲಿನ ರೈನ್ ಪ್ರದೇಶದಲ್ಲಿಯೂ ಹೆಸ್ಸೆನ್ ರಾಜ್ಯದಲ್ಲಿಯೂ ಅಲ್ಲಿ ಹುಟ್ಟಿ ಬೆಳೆದವರೇ ಅನೇಕರು ಹಾಗೆ ನುಡಿಯುತ್ತಾರೆ. ಹಾಗೆಯೇ 'ವಿರ್ಟ್' ಪದದ ರಕಾರವು ಪ್ರಮಾಣ ಉಚ್ಚಾರದಲ್ಲಿ ಕರಗಿ 'ವಿಅಟ್' ಎಂಬಂತೆ ಕೇಳಿಸುತ್ತದೆ, ನಮ್ಮಂತೆ ನಾಲಿಗೆಯ ತುದಿಯಲ್ಲಿ ರಕಾರವನ್ನು ಉರುಳಿಸುವವರು ಬವೇರಿಯಾದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. 'ಜ಼ೋ' ಎಂಬುದನ್ನು ದಕ್ಷಿಣ ಜರ್ಮನಿಯಲ್ಲೂ ಆಸ್ಟ್ರಿಯಾದಲ್ಲೂ 'ಸೋ' ಎಂದೇ ಹೇಳುವುದುಂಟು. ಕರ್ನಾಟಕಕ್ಕೂ ಬವೇರಿಯಾಕ್ಕೂ 2007ರಿಂದ ಸಹಭಾಗಿತ್ವದ ಒಪ್ಪಂದವಿದೆ. ಬೆಂಗಳೂರಿನಿಂದ ಮ್ಯೂನಿಕ್ಕಿಗೆ ಹೋದವರಿಗೆ ಉಚ್ಚಾರದಲ್ಲಿಯೂ ಸ್ವಲ್ಪ ರಿಯಾಯಿತಿ ಸಿಗುತ್ತದೆ ಎಂದುಕೊಳ್ಳಬಹುದು.

ಕೊನೆಗೆ ಒತ್ತು. 'ಗೆಗೆಸ್ಸೆನ್' ಪದದಲ್ಲಿ ಒತ್ತು ಎರಡನೆಯ 'ಗೆಸ್' ಮೇಲೆ ಬೀಳುತ್ತದೆ, ಮೊದಲ 'ಗೆ' ಬಹಳ ದುರ್ಬಲ, ಕೊನೆಯ 'ಸೆನ್' ಬಹುತೇಕ 'ಸ್ನ್' ಆಗುತ್ತದೆ. 'ಗೆಕೊಖ್ಟ್' ಪದದಲ್ಲಿ ಒತ್ತು 'ಕೊಖ್ಟ್' ಮೇಲೆ. ಇಡೀ ವಾಕ್ಯದಲ್ಲಿ 'ಹಾಯ್ಸ್', 'ಗೆಸ್', 'ಕೊಖ್ಟ್' ಎಂಬ ಮೂರು ಜಾಗಗಳಲ್ಲಿ ದನಿ ಏರಬೇಕು, ಉಳಿದದ್ದೆಲ್ಲ ಬೇಗ ಬೇಗನೆ ಸಾಗಬೇಕು. ಉಣ್ಣುವುದಕ್ಕೂ ಬೇಯಿಸುವುದಕ್ಕೂ ಇರುವ ಎದುರುಬದುರು ಕಿವಿಗೆ ಗೊತ್ತಾಗುವುದು ಈ ಏರಿಳಿತದಿಂದಲೇ.

ಮೂರನೆಯ ಹಂತ: ವಾಕ್ಯದ ಕಟ್ಟನ್ನು ಬಿಚ್ಚಿ ನೋಡುವುದು

ಗಾದೆಯನ್ನು ಗಿಳಿಪಾಠದಂತೆ ಕಲಿತರೂ ಸಾಕು ಎನ್ನುವವರಿದ್ದಾರೆ, ಮತ್ತು ತೀರ ಹೊಸಬರ ಮಟ್ಟಿಗೆ ಅದು ತಪ್ಪೂ ಅಲ್ಲ. ಆದರೆ ಈ ವಾಕ್ಯದ ರಚನೆ ಅರ್ಥವಾದರೆ ಅದೇ ಅಚ್ಚಿನಲ್ಲಿ ನೂರಾರು ವಾಕ್ಯಗಳನ್ನು ಸ್ವಂತವಾಗಿ ಕಟ್ಟಬಹುದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುವುದು ಲಾಭದಾಯಕ.

ವಾಕ್ಯದ ಎರಡು ಭಾಗಗಳೂ ಕರ್ಮಣಿ ಪ್ರಯೋಗದಲ್ಲಿವೆ. 'ವೆರ್ಡೆನ್' ಎಂಬ ಕ್ರಿಯಾಪದದ ಏಕವಚನ ರೂಪವಾದ 'ವಿರ್ಟ್' ಮತ್ತು ಒಂದು ಭೂತಕೃದಂತ ಸೇರಿ ಅದು ಆಗುತ್ತದೆ. 'ಎಸ್ಸೆನ್', ಅಂದರೆ ತಿನ್ನು, ಎಂಬುದರ ಕೃದಂತ 'ಗೆಗೆಸ್ಸೆನ್'. ಇಲ್ಲಿ ನಿಯಮ ಮೀರಿ ಒಂದು ಗಕಾರ ಹೆಚ್ಚಾಗಿ ಬಂದಿದೆ. 'ಕೊಖೆನ್', ಅಂದರೆ ಬೇಯಿಸು, ಎಂಬುದರ ಕೃದಂತ 'ಗೆಕೊಖ್ಟ್'. ಇದು ನಿಯಮದಂತೆಯೇ ಇದೆ. ಕನ್ನಡದ ಆಡುಮಾತಿನಲ್ಲಿ 'ತಿನ್ನಲ್ಪಡುತ್ತದೆ' ಎಂದು ಯಾರೂ ಹೇಳುವುದಿಲ್ಲ, ಹೇಳಿದರೆ ನಗು ಬರುತ್ತದೆ. ಜರ್ಮನ್ನಿನಲ್ಲಿ ಈ ಪ್ರಯೋಗ ಅಡುಗೆಮನೆಯ ಮಾತಿನಲ್ಲೂ ಸಲೀಸಾಗಿ ಬರುತ್ತದೆ. ಹಾಗಾಗಿ ಗಾದೆಯ ಅರ್ಥವನ್ನು ಕನ್ನಡದಲ್ಲಿ ನೆನೆಯುವಾಗ 'ಉಣ್ಣುವುದಿಲ್ಲ' ಎಂದೇ ನೆನೆಯಬೇಕು. ಇದೇ 'ವಿರ್ಟ್' ಭವಿಷ್ಯತ್ ಕಾಲಕ್ಕೂ ಬಳಕೆಯಾಗುವುದರಿಂದ ಕೆಲವರು ಇದನ್ನು 'ಮುಂದೆ ತಿನ್ನುತ್ತಾರೆ' ಎಂದು ಅರ್ಥಮಾಡುತ್ತಾರೆ. ಜೊತೆಯಲ್ಲಿ ಕೃದಂತ ಇರುವುದರಿಂದ ಇಲ್ಲಿ ಆ ಅರ್ಥವಿಲ್ಲ.

ವಾಕ್ಯದಲ್ಲಿ 'ಎಸ್' ಎರಡು ಬಾರಿ ಬರುತ್ತದೆ, ಆದರೆ ಎರಡೂ ಒಂದೇ ಅಲ್ಲ. ಮೊದಲನೆಯದು ಖಾಲಿ ಜಾಗವನ್ನು ತುಂಬಲು ಬಂದದ್ದು. ಜರ್ಮನ್ನಿನ ಮುಖ್ಯ ವಾಕ್ಯದಲ್ಲಿ ಕ್ರಿಯಾಪದ ಎರಡನೆಯ ಸ್ಥಾನದಲ್ಲಿರಲೇಬೇಕು. ಮೊದಲ ಸ್ಥಾನಕ್ಕೆ ಬೇರೇನೂ ಇಲ್ಲದಾಗ 'ಎಸ್' ಬಂದು ಕೂರುತ್ತದೆ. ನಿಜವಾದ ಕರ್ತೃಪದ 'ನಿಹ್ಟ್ಸ್', ಅಂದರೆ ಯಾವುದೂ ಇಲ್ಲ. ಆ ಕರ್ತೃಪದವೇ ಮುಂದೆ ಬಂದುಬಿಟ್ಟರೆ 'ಎಸ್' ಮಾಯವಾಗುತ್ತದೆ: 'ನಿಹ್ಟ್ಸ್ ವಿರ್ಟ್ ಜ಼ೋ ಹಾಯ್ಸ್ ಗೆಗೆಸ್ಸೆನ್, ವೀ ಎಸ್ ಗೆಕೊಖ್ಟ್ ವಿರ್ಟ್.' ಈ ರೂಪವೂ ಅಷ್ಟೇ ಪ್ರಚಲಿತ. ಎರಡನೆಯ 'ಎಸ್' ಮಾತ್ರ ನಿಜವಾದ ಸರ್ವನಾಮ. ಅದನ್ನು ಯಾವ ಕಾರಣಕ್ಕೂ ಬಿಡುವಂತಿಲ್ಲ.

ಎರಡನೆಯ ಭಾಗ 'ವೀ' ಎಂಬ ಪದದಿಂದ ಶುರುವಾಗುವ ಅಧೀನ ವಾಕ್ಯ. ಇಲ್ಲಿ 'ವಿರ್ಟ್' ಕೊನೆಗೆ ಹೋಗುತ್ತದೆ. ಇಂಗ್ಲಿಷಿನ ಮೂಲಕ ಜರ್ಮನ್ ಕಲಿಯುವವರು ಕ್ರಿಯಾಪದ ಕೊನೆಗೆ ಬರುವುದನ್ನು ಕಂಡು ಗಾಬರಿಪಡುತ್ತಾರೆ. ಕನ್ನಡಿಗರಿಗೆ ಆ ಗಾಬರಿಯ ಅಗತ್ಯವಿಲ್ಲ, ನಮ್ಮ ಕ್ರಿಯಾಪದ ಇರುವುದೇ ಕೊನೆಯಲ್ಲಿ. ನಮಗೆ ವಿಚಿತ್ರವಾಗಿ ತೋರಬೇಕಾದದ್ದು ವಾಕ್ಯದ ಮೊದಲ ಭಾಗ. ಆದರೂ ಅನೇಕ ಕನ್ನಡಿಗರು ಇಂಗ್ಲಿಷನ್ನು ನಡುವೆ ತಂದುಕೊಂಡು 'ವೀ ಎಸ್ ವಿರ್ಟ್ ಗೆಕೊಖ್ಟ್' ಎಂದು ತಪ್ಪು ಮಾಡುತ್ತಾರೆ. 'ನಿಹ್ಟ್ಸ್' ಬದಲು 'ನಿಹ್ಟ್' ಎನ್ನುವುದು ಇನ್ನೊಂದು ಸಾಮಾನ್ಯ ತಪ್ಪು. 'ನಿಹ್ಟ್' ಎಂದರೆ 'ಅಲ್ಲ' ಅಥವಾ 'ಇಲ್ಲ' ಎಂಬ ಬರಿಯ ನಿಷೇಧ; ಅದನ್ನು ಬಳಸಬೇಕಾದರೆ ಬೇರೊಂದು ಕರ್ತೃಪದ ಬೇಕು. ಸಾರನ್ನು ಅಥವಾ ಸೂಪನ್ನು ಕರ್ತೃವಾಗಿಸಿ 'ಡೀ ಜ಼ುಪ್ಪೆ ವಿರ್ಟ್ ನಿಹ್ಟ್ ಜ಼ೋ ಹಾಯ್ಸ್ ಗೆಗೆಸ್ಸೆನ್, ವೀ ಜ಼ೀ ಗೆಕೊಖ್ಟ್ ವಿರ್ಟ್' ಎಂದು ಹೇಳುವ ರೂಪವೂ ಇದೆ. ನೆರೆಯ ಡಚ್ ಭಾಷಿಕರ ಗಾದೆಯಲ್ಲಿಯೂ ಇದೇ ಸೂಪು ಬರುತ್ತದೆ.

ಬರೆಯುವಾಗ ಒಂದೇ ಎಚ್ಚರ ಸಾಕು. 'ಹಾಯ್ಸ್' ಪದದ ಕೊನೆಯಲ್ಲಿ 'ಎಸ್‌ತ್ಸೆಟ್' ಎಂಬ, ಜರ್ಮನ್ನಿಗೇ ವಿಶಿಷ್ಟವಾದ ಅಕ್ಷರವಿದೆ. ಫೋನಿನ ಕೀಲಿಮಣೆಯಲ್ಲಿ ಎಸ್ ಅಕ್ಷರವನ್ನು ಒತ್ತಿ ಹಿಡಿದರೆ ಅದು ಕಾಣಿಸುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಆ ಅಕ್ಷರವನ್ನು ಬಳಸದೆ ಎರಡು ಎಸ್ ಬರೆಯುತ್ತಾರೆ. 'ವೀ' ಪದಕ್ಕೆ ಮುಂಚೆ ಅಲ್ಪವಿರಾಮ ಕಡ್ಡಾಯ.

ನಾಲ್ಕನೆಯ ಹಂತ: ಹಿಂದಿನಿಂದ ಮುಂದಕ್ಕೆ ಕಟ್ಟಿಕೊಳ್ಳುವುದು

ಉದ್ದದ ವಾಕ್ಯವನ್ನು ಮೊದಲಿನಿಂದ ಕಲಿತರೆ ಶುರುವಿನಲ್ಲಿ ದನಿ ಗಟ್ಟಿಯಾಗಿದ್ದು ಕೊನೆಗೆ ಬರುವಷ್ಟರಲ್ಲಿ ತಡವರಿಕೆ ಉಂಟಾಗುತ್ತದೆ. ಆದ್ದರಿಂದ ಕೊನೆಯಿಂದ ಶುರುಮಾಡುವುದು ಒಳ್ಳೆಯದು. ಮೊದಲು 'ಗೆಕೊಖ್ಟ್ ವಿರ್ಟ್' ಎಂಬ ಎರಡೇ ಪದಗಳನ್ನು ತೊಡಕಿಲ್ಲದೆ ಬರುವವರೆಗೆ ಹೇಳಬೇಕು. ಅನಂತರ 'ವೀ ಎಸ್ ಗೆಕೊಖ್ಟ್ ವಿರ್ಟ್', ಅದಾದ ಮೇಲೆ 'ಗೆಗೆಸ್ಸೆನ್, ವೀ ಎಸ್ ಗೆಕೊಖ್ಟ್ ವಿರ್ಟ್', ಹೀಗೆ ಹಿಂದಕ್ಕೆ ಒಂದೊಂದು ತುಂಡು ಸೇರಿಸುತ್ತ 'ಜ಼ೋ ಹಾಯ್ಸ್', 'ನಿಹ್ಟ್ಸ್', 'ಎಸ್ ವಿರ್ಟ್' ತನಕ ಬರಬೇಕು. ಪ್ರತಿ ಸಲವೂ ಹೊಸದಾಗಿ ಸೇರಿದ ತುಂಡಿನಿಂದ ಚೆನ್ನಾಗಿ ಪರಿಚಯವಿರುವ ತುಂಡಿನ ಕಡೆಗೆ ಮಾತು ಹರಿಯುವುದರಿಂದ ಆತ್ಮವಿಶ್ವಾಸ ಕುಗ್ಗುವುದಿಲ್ಲ.

ಬಿಡಿ ಪದಗಳ ಉಚ್ಚಾರವನ್ನು ಡೂಡನ್ ನಿಘಂಟಿನ ಜಾಲತಾಣದಲ್ಲಿ ಕೇಳಬಹುದು. ಬರ್ಲಿನ್-ಬ್ರಾಂಡೆನ್‌ಬುರ್ಗ್ ವಿಜ್ಞಾನ ಅಕಾಡೆಮಿ ನಡೆಸುವ ಡಿಡಬ್ಲ್ಯುಡಿಎಸ್ ಎಂಬ ಅಂತರಜಾಲ ನಿಘಂಟಿನಲ್ಲಿ ಪತ್ರಿಕೆಗಳಿಂದಲೂ ಪುಸ್ತಕಗಳಿಂದಲೂ ಆಯ್ದ ಬಳಕೆಯ ವಾಕ್ಯಗಳು ಸಿಗುತ್ತವೆ. ಅವುಗಳಲ್ಲಿ ಈ ಗಾದೆಯನ್ನು ಹುಡುಕಿ, ಅದಕ್ಕಿಂತ ಹಿಂದಿನ ವಾಕ್ಯದಲ್ಲಿ ಯಾವ ಭಯದ ಪ್ರಸ್ತಾಪವಿದೆ ಎಂಬುದನ್ನು ಗಮನಿಸುವುದು ಯಾವ ಪಠ್ಯಪುಸ್ತಕಕ್ಕಿಂತಲೂ ಉಪಯುಕ್ತ. ಬೆಂಗಳೂರಿನ ಇಂದಿರಾನಗರದಲ್ಲಿ ಸಿಎಂಎಚ್ ರಸ್ತೆಯಲ್ಲಿರುವ ಗೋಯೆಥೆ ಸಂಸ್ಥೆ, ಅಂದರೆ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಓದುತ್ತಿರುವವರು ತರಗತಿಯಲ್ಲೇ ಅಧ್ಯಾಪಕರ ಮುಂದೆ ಹೇಳಿ ತಿದ್ದಿಸಿಕೊಳ್ಳಬಹುದು. ಒಬ್ಬರೇ ಕಲಿಯುವವರು ತಮ್ಮ ದನಿಯನ್ನು ಫೋನಿನಲ್ಲಿ ಮುದ್ರಿಸಿಕೊಂಡು ಕೇಳಬೇಕು; ಕೊನೆಯ ಉಕಾರಗಳೂ 'ಯೆಸ್' ಕೂಡ ಆಗ ತಾವಾಗಿಯೇ ಸಿಕ್ಕಿಬೀಳುತ್ತವೆ.

ಐದನೆಯ ಹಂತ: ಗಾದೆಗೆ ಮುಂಚಿನ ಮಾತು

ಬೇಸರದಲ್ಲಿರುವವರ ಮುಂದೆ ಗಾದೆಯನ್ನು ಒಮ್ಮೆಗೇ ಒಗೆದರೆ ಅದು ಸಾಂತ್ವನವಾಗುವುದಿಲ್ಲ, ಮಾತು ಮುಗಿಸುವ ತಂತ್ರವಾಗಿ ಕೇಳಿಸುತ್ತದೆ. ಮೊದಲು ಅವರ ಮಾತನ್ನು ಪೂರ್ತಿಯಾಗಿ ಕೇಳಬೇಕು, ಅನಂತರ ಕೇಳಿದ್ದಕ್ಕೆ ಗುರುತಾಗಿ ಒಂದು ಸಣ್ಣ ಮಾತು ಆಡಬೇಕು, ಆಮೇಲೆ ಗಾದೆ. ಆ ಸಣ್ಣ ಮಾತು 'ಡಸ್ ಫೆರ್‌ಶ್ಟೇಯ ಇಹ್' ಎಂದಿದ್ದರೆ ಸಾಕು. ನನಗೆ ಅರ್ಥವಾಗುತ್ತದೆ ಎಂದು ಅದರ ಅರ್ಥ.

ಗಾದೆಯಲ್ಲಿ ಸಂಬೋಧನೆ ಇಲ್ಲದಿದ್ದರೂ ಅದಕ್ಕೆ ಮುಂಚಿನ ಮಾತಿನಲ್ಲಿ ಇರುತ್ತದೆ, ಮತ್ತು ಅಲ್ಲಿ ಎಡವುವವರು ಬಹಳ. ಆಪ್ತರಿಗೆ 'ವಾರ್ಟ್ ಎರ್ಸ್ಟ್ ಮಾಲ್ ಆಪ್', ಅಂದರೆ ಮೊದಲು ಸ್ವಲ್ಪ ಕಾದು ನೋಡು. ಗೌರವದಿಂದ ಮಾತಾಡಿಸಬೇಕಾದವರಿಗೆ 'ವಾರ್ಟೆನ್ ಜ಼ೀ ಎರ್ಸ್ಟ್ ಮಾಲ್ ಆಪ್', ಅಂದರೆ ಕಾದು ನೋಡಿ. ಆಪ್ತರಿಗೆ 'ಮಖ್ ಡಿರ್ ಕಾಯ್ನೆ ಜ಼ೊರ್ಗೆನ್', ಚಿಂತೆ ಮಾಡಬೇಡ. ಹಿರಿಯರಿಗೆ 'ಮಖೆನ್ ಜ಼ೀ ಜ಼ಿಹ್ ಕಾಯ್ನೆ ಜ಼ೊರ್ಗೆನ್', ಚಿಂತೆ ಮಾಡಬೇಡಿ. 'ನೀನು' ಎಂಬುದಕ್ಕೆ ಸಮಾನವಾದ 'ಡೂ' ಬಳಸೋಣವೇ ಎಂಬ ಪ್ರಸ್ತಾಪ ವಯಸ್ಸಿನಲ್ಲಿ ಅಥವಾ ಹುದ್ದೆಯಲ್ಲಿ ದೊಡ್ಡವರಿಂದ ಬರುವುದು ಜರ್ಮನಿಯ ರೂಢಿ. ಅದು ಬರುವ ಮುಂಚೆ, ಸಾಂತ್ವನ ಹೇಳುವ ಆತುರದಲ್ಲಿಯೂ, ಏಕವಚನಕ್ಕೆ ಇಳಿಯಬಾರದು. ನೀನು–ನೀವು ಭೇದ ಹುಟ್ಟಿನಿಂದ ಬಲ್ಲ ಕನ್ನಡಿಗರಿಗೆ ಇದು ಕಷ್ಟವಾಗಬಾರದು.

ಒಂದು ಸನ್ನಿವೇಶವನ್ನು ನೋಡೋಣ. ಮುಂದಿನ ತಿಂಗಳಿನಿಂದ ಎಲ್ಲರೂ ವಾರದ ಐದು ದಿನವೂ ಕಚೇರಿಗೆ ಬರತಕ್ಕದ್ದು ಎಂಬ ಸುತ್ತೋಲೆ ಬಂದಿದೆ. ಸ್ಟುಟ್‌ಗಾರ್ಟಿನ ಸಹೋದ್ಯೋಗಿ, ಮಗುವನ್ನು ಶಿಶುವಿಹಾರದಿಂದ ಕರೆತರುವವರು ಯಾರು ಎಂದು ತಲೆಗೆ ಕೈಹೊತ್ತು ಕುಳಿತಿದ್ದಾರೆ. ಆಗ ಹೇಳಬೇಕಾದ ಕ್ರಮ ಹೀಗೆ: 'ಡಸ್ ಫೆರ್‌ಶ್ಟೇಯ ಇಹ್. ಆಬರ್ ವಾರ್ಟ್ ಎರ್ಸ್ಟ್ ಮಾಲ್ ಆಪ್. ಎಸ್ ವಿರ್ಟ್ ನಿಹ್ಟ್ಸ್ ಜ಼ೋ ಹಾಯ್ಸ್ ಗೆಗೆಸ್ಸೆನ್, ವೀ ಎಸ್ ಗೆಕೊಖ್ಟ್ ವಿರ್ಟ್.' ನಡುವಿನ 'ಆಬರ್' ಎಂದರೆ ಆದರೆ. ಇದಾದ ಮೇಲೆ ಒಂದು ವಾಸ್ತವದ ಆಧಾರವನ್ನು ಕೊಟ್ಟರೆ ಗಾದೆಗೆ ತೂಕ ಬರುತ್ತದೆ: ನೌಕರರ ಮಂಡಳಿ ಇನ್ನೂ ಮಾತುಕತೆ ನಡೆಸಬೇಕಾಗಿದೆ, ಸಣ್ಣ ಮಕ್ಕಳಿರುವವರಿಗೆ ವಿನಾಯಿತಿ ಕೇಳಬಹುದು, ಎಂಬಂಥದ್ದು. ಆಧಾರವೇ ಇಲ್ಲದಿದ್ದರೆ ಗಾದೆಯನ್ನು ನುಂಗಿಕೊಳ್ಳುವುದು ಮೇಲು.

ಸಂದೇಶ ಬರೆಯುವಾಗ ಗಾದೆಯ ಮೊದಲ ಅರ್ಧವನ್ನಷ್ಟೇ ಬರೆದು ಮೂರು ಚುಕ್ಕೆ ಇಟ್ಟರೂ ನಡೆಯುತ್ತದೆ, ಉಳಿದರ್ಧವನ್ನು ಜರ್ಮನ್ನರು ತಾವೇ ತುಂಬಿಕೊಳ್ಳುತ್ತಾರೆ.

ಆರನೆಯ ಹಂತ: ಎಲ್ಲಿ ಹೇಳಬಾರದು

ಈ ಹಂತವನ್ನು ಹಾರಿಸಿ ಮುಂದೆ ಹೋಗುವವರು ಗಾದೆಯನ್ನೇ ಕಲಿಯದಿದ್ದರೆ ಯಾರಿಗೂ ನಷ್ಟವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಾವಿನ ಮನೆಯಲ್ಲಿ ಇದನ್ನು ಹೇಳಲೇಬಾರದು. ಮೊದಲ ಷರತ್ತಿನ ಪ್ರಕಾರ ಸಂಗತಿ ಇನ್ನೂ ನಡೆದಿರಬಾರದು. ಸಾವು ನಡೆದುಹೋದ ಸಂಗತಿ, ಅದು ಮುಂದೆ ತಣ್ಣಗಾಗುವಂಥದ್ದಲ್ಲ. ಅಲ್ಲಿ ಕೈ ಹಿಡಿದು 'ಹೆರ್ಟ್ಸ್‌ಲಿಹೆಸ್ ಬಾಯ್‌ಲಾಯ್ಟ್', ಅಂದರೆ ಹೃತ್ಪೂರ್ವಕ ಸಂತಾಪ, ಎಂದಷ್ಟೇ ಹೇಳಿ ಸುಮ್ಮನಿರಬೇಕು. ವೈದ್ಯಕೀಯ ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯುತ್ತಿರುವವರಿಗೂ ಇದು ಸಲ್ಲದು. ಫಲಿತಾಂಶವನ್ನು ಮಾತುಕತೆಯಿಂದಾಗಲಿ ರೂಢಿಯಿಂದಾಗಲಿ ಮೆತ್ತಗಾಗಿಸಲು ಬರುವುದಿಲ್ಲ, ಅಲ್ಲಿ ಎರಡನೆಯ ಷರತ್ತು ಮುರಿಯುತ್ತದೆ.

ಇವು ಯಾರಿಗಾದರೂ ಹೊಳೆಯುವ ಉದಾಹರಣೆಗಳು. ಹೊಳೆಯದೆ ಅಪಾಯ ತರುವುದು ಸರ್ಕಾರಿ ಮತ್ತು ಕಾನೂನು ಪತ್ರಗಳ ವಿಷಯ, ಜರ್ಮನಿಯಲ್ಲಿ ನೆಲೆಸಿರುವ ನಮ್ಮವರು ಇದನ್ನು ವಿಶೇಷವಾಗಿ ತಿಳಿದಿರಬೇಕು. ಅಲ್ಲಿ ಬಹಳ ಪತ್ರಗಳಿಗೆ ಗಡುವಿರುತ್ತದೆ ಮತ್ತು ಗಡುವು ಮೀರಿದರೆ ಪತ್ರದಲ್ಲಿರುವುದೇ ಬಹುಮಟ್ಟಿಗೆ ಅಂತಿಮವಾಗುತ್ತದೆ. ಸರ್ಕಾರಿ ಕಚೇರಿಯ ಆದೇಶಕ್ಕೆ ಆಕ್ಷೇಪಣೆ ಸಲ್ಲಿಸಲು ಸಾಮಾನ್ಯವಾಗಿ ಇರುವುದು ಒಂದು ತಿಂಗಳು. ನ್ಯಾಯಾಲಯದ ಮೂಲಕ ಬರುವ ಬಾಕಿ ವಸೂಲಿಯ ನೋಟಿಸಿಗೆ ಆಕ್ಷೇಪಿಸಲು ಎರಡು ವಾರ. ಕೆಲಸದಿಂದ ತೆಗೆದ ಲಿಖಿತ ಪತ್ರ ಕೈಸೇರಿದ ಮೇಲೆ ಅದನ್ನು ಕಾರ್ಮಿಕ ನ್ಯಾಯಾಲಯದಲ್ಲಿ ಪ್ರಶ್ನಿಸಲು ಮೂರೇ ವಾರ. ಇಂಥ ಪತ್ರವನ್ನು ಹಿಡಿದುಕೊಂಡು ಬಂದ ಗೆಳೆಯನಿಗೆ 'ಬೇಯಿಸಿದಷ್ಟು ಬಿಸಿಯಾಗಿ ಉಣ್ಣುವುದಿಲ್ಲ' ಎಂದು ಹೇಳಿ, ಅವನು ಸಮಾಧಾನಗೊಂಡು ಪತ್ರವನ್ನು ಮೇಜಿನ ಖಾನೆಗೆ ಸೇರಿಸಿದರೆ, ಸಾಂತ್ವನವೇ ಅವನಿಗೆ ಮುಳುವಾಗುತ್ತದೆ. ಅಲ್ಲಿ ಮೊದಲು ದಿನಾಂಕ ನೋಡಬೇಕು, ವಕೀಲರನ್ನೋ ಸಲಹಾ ಕೇಂದ್ರವನ್ನೋ ಕಾಣುವ ಏರ್ಪಾಟು ಮಾಡಬೇಕು. ಆಕ್ಷೇಪಣೆ ಸಲ್ಲಿಕೆಯಾದ ಮೇಲೆ, ಉತ್ತರಕ್ಕಾಗಿ ಕಾಯುವ ದಿನಗಳಲ್ಲಿ ಬೇಕಾದರೆ ಗಾದೆ ಹೇಳಬಹುದು.

ಬೆಂಕಿ ಹಚ್ಚಿದವರೇ ಈ ಗಾದೆ ಹೇಳುವುದೂ ಒಳ್ಳೆಯದಲ್ಲ. ತಂಡದ ಮೇಲೆ ಹೊಸ ನಿಯಮ ಹೇರಿದ ವ್ಯವಸ್ಥಾಪಕರು ತಾವೇ ಇದನ್ನು ಹೇಳಿದರೆ, ನಾನು ಹೇಳಿದ್ದನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಡಿ ಎಂದಂತಾಗುತ್ತದೆ. ಹಾಗೆಯೇ ಭಯದ ಬಿಸಿ ತಾಗದವರು ತಾಗುವವರಿಗೆ ಹೇಳುವಾಗ ಎಚ್ಚರ ಬೇಕು. ವೀಸಾ ಅವಧಿ ಮುಗಿಯುತ್ತಿರುವ ವಿದ್ಯಾರ್ಥಿಗೆ ಅಲ್ಲಿನ ಪೌರತ್ವವಿರುವವರು ಹಗುರವಾಗಿ ಈ ಮಾತು ಆಡಿದರೆ ಅದು ಚುಚ್ಚುತ್ತದೆ. ಇನ್ನು ಕೆಲವರಿಗೆ ಆ ಕ್ಷಣದಲ್ಲಿ ಬೇಕಿರುವುದು ಸಮಾ­ಧಾನವಲ್ಲ, ತಮ್ಮ ಸಿಟ್ಟಿಗೆ ಒಂದು ಕಿವಿ. ಅವರ ಮಾತು ಇನ್ನೂ ಏರುದನಿಯಲ್ಲೇ ಇದ್ದರೆ ಗಾದೆಯ ಹೊತ್ತು ಬಂದಿಲ್ಲ ಎಂದರ್ಥ.

ಏಳನೆಯ ಹಂತ: ನೆರೆಯ ಗಾದೆಗಳನ್ನು ದೂರದಿಂದ ಪರಿಚಯಿಸಿಕೊಳ್ಳುವುದು

ನಮ್ಮ ಗಾದೆ ಸಲ್ಲದ ಕಡೆ ಸಲ್ಲುವ ಬೇರೆ ಮಾತುಗಳಿವೆ. ಇವನ್ನು ಈಗಲೇ ಕಂಠಪಾಠ ಮಾಡುವ ಅಗತ್ಯವಿಲ್ಲ, ಕೇಳಿದಾಗ ಗುರುತು ಸಿಕ್ಕರೆ ಸಾಕು. ಕಲಿಕೆಯಲ್ಲಿ ಎಡವಿದವರಿಗೆ 'ಎಸ್ ಇಸ್ಟ್ ನೊಖ್ ಕಾಯ್ನ್ ಮಾಯ್ಸ್ಟರ್ ಫೊಮ್ ಹಿಮೆಲ್ ಗೆಫಾಲೆನ್' ಎನ್ನುತ್ತಾರೆ. ಇದುವರೆಗೆ ಯಾವ ನಿಪುಣನೂ ಆಕಾಶದಿಂದ ಉದುರಿಲ್ಲ ಎಂದು ಅದರ ಅರ್ಥ, ಮತ್ತು ನಿಮ್ಮ ಜರ್ಮನ್ ಕೇಳಿದವರು ಇದನ್ನು ನಿಮಗೇ ಹೇಳುವ ಸಂಭವ ಹೆಚ್ಚು. ಲೋಟ ಅಥವಾ ತಟ್ಟೆ ಕೈಜಾರಿ ಒಡೆದಾಗ 'ಶೆರ್ಬೆನ್ ಬ್ರಿಂಗೆನ್ ಗ್ಲ್ಯುಕ್', ಅಂದರೆ ಒಡಕು ಚೂರುಗಳು ಅದೃಷ್ಟ ತರುತ್ತವೆ. ಮದುವೆಯ ಮುನ್ನ 'ಪೋಲ್ಟರ್‌ಆಬೆಂಡ್' ಎಂಬ ಸಂಜೆಯಲ್ಲಿ ಬೇಕೆಂದೇ ಪಿಂಗಾಣಿ ಒಡೆಯುವ ಪದ್ಧತಿಯೂ ಇದೇ ನಂಬಿಕೆಯದು. ದುಃಖವನ್ನು ಹೇಳಿಕೊಳ್ಳಲು ಹಿಂಜರಿಯುವವರಿಗೆ 'ಗೆಟಾಯ್ಲ್ಟೆಸ್ ಲಾಯ್ಟ್ ಇಸ್ಟ್ ಹಲ್ಬೆಸ್ ಲಾಯ್ಟ್', ಹಂಚಿಕೊಂಡ ದುಃಖ ಅರ್ಧ ದುಃಖ. 'ಡೀ ತ್ಸಾಯ್ಟ್ ಹಾಯ್ಲ್ಟ್ ಆಲೆ ವುಂಡೆನ್', ಕಾಲ ಎಲ್ಲ ಗಾಯಗಳನ್ನೂ ಮಾಯಿಸುತ್ತದೆ, ಎಂಬುದು ಎಲ್ಲಕ್ಕಿಂತ ಪ್ರಸಿದ್ಧ, ಆದರೆ ಗಾಯ ಹಸಿಯಾಗಿರುವಾಗ ಅದನ್ನು ಹೇಳದಿರುವುದೇ ಲೇಸು. 'ವಿರ್ಟ್ ಶೋನ್ ಶೀಫ್‌ಗೇಯೆನ್' ಎಂದು ಪರೀಕ್ಷೆಗೆ ಹೊರಟವರಿಗೆ ಹೇಳುವುದನ್ನು ಕೇಳಿ ಗಾಬರಿಯಾಗಬೇಡಿ. ಅಡ್ಡದಾರಿ ಹಿಡಿದೇ ತೀರುತ್ತದೆ ಎಂಬ ಅದರ ಅಕ್ಷರಾರ್ಥವನ್ನು ವ್ಯಂಗ್ಯವಾಗಿ ತಿರುಗಿಸಿ, ಒಳ್ಳೆಯದಾಗಲಿ ಎಂದು ಹಾರೈಸುವ ರೂಢಿ ಅದು.

ಎಂಟನೆಯ ಹಂತ: ಗಾದೆ ನಿಮಗೇ ಬಂದಾಗ, ಮತ್ತು ಆನಂತರ

ಇದೇ ಗಾದೆಯನ್ನು ಯಾರಾದರೂ ನಿಮಗೆ ಹೇಳಿದರೆ ಬರಿದೆ ತಲೆಯಾಡಿಸಿ ಸುಮ್ಮನಾಗಬೇಕಿಲ್ಲ. 'ಹೊಫೆಂಟ್‌ಲಿಹ್ ಹಸ್ಟ್ ಡೂ ರೆಹ್ಟ್', ಅಂದರೆ ನೀನು ಹೇಳಿದ್ದು ನಿಜವಾಗಲಿ, ಎಂಬುದು ಸಾದಾ ಉತ್ತರ. ಇನ್ನೂ ಚೆಂದದ ಉತ್ತರ 'ಡಾಯ್ನ್ ವೊರ್ಟ್ ಇನ್ ಗೊಟ್ಟೆಸ್ ಓರ್', ನಿನ್ನ ಮಾತು ದೇವರ ಕಿವಿಗೆ ಬೀಳಲಿ ಎಂದು. 'ನಿನ್ನ ಬಾಯಿಗೆ ಸಕ್ಕರೆ ಹಾಕ' ಎಂದು ನಾವು ಹೇಳುವ ಸಂದರ್ಭದಲ್ಲಿಯೇ ಅವರು ಇದನ್ನು ಹೇಳುತ್ತಾರೆ. ಗೌರವದ ಸಂಬೋಧನೆಯವರಿಗಾದರೆ 'ಡಾಯ್ನ್' ಬದಲು 'ಈರ್' ಎನ್ನಬೇಕು.

ಗಾದೆ ಹೇಳಿದ ಮೇಲೆ ಒಂದು ಕೆಲಸ ಬಾಕಿ ಉಳಿಯುತ್ತದೆ. ಸಭೆಯೋ ಪರೀಕ್ಷೆಯೋ ಮುಗಿದ ದಿನ 'ಉಂಟ್, ವೀ ವಾರ್ಸ್?', ಹೇಗಾಯಿತು, ಎಂದು ಮರೆಯದೆ ವಿಚಾರಿಸಬೇಕು. ನೀವು ಹೇಳಿದಂತೆಯೇ ಎಲ್ಲವೂ ಸಲೀಸಾಗಿ ನಡೆದಿದ್ದರೆ ಗೆಳೆಯರಿಗೆ ನಗುತ್ತ 'ಜ಼ೀಸ್ಟ್ ಡೂ', ನೋಡಿದೆಯಾ, ಎಂದರೆ ತಪ್ಪಿಲ್ಲ. ಮೇಲಧಿಕಾರಿಗಾದರೆ 'ಡಸ್ ಫ್ರಾಯ್ಟ್ ಮಿಹ್', ಕೇಳಿ ಸಂತೋಷವಾಯಿತು, ಎಂದು ನಿಲ್ಲಿಸಬೇಕು. ಸಂಗತಿ ಬೇಯಿಸಿದಷ್ಟೇ ಬಿಸಿಯಾಗಿ ಬಾಯಿ ಸುಟ್ಟಿದ್ದರೆ ಇನ್ನೊಂದು ಗಾದೆಯನ್ನು ಹುಡುಕದೆ, 'ಡಸ್ ಟೂಟ್ ಮಿರ್ ಲಾಯ್ಟ್', ನನಗೆ ಬೇಸರವಾಯಿತು, ಎಂದು ಹೇಳಿ, ತಮ್ಮಿಂದ ಏನು ಸಹಾಯ ಆಗಬಹುದೆಂದು ಕೇಳಬೇಕು: 'ಕಾನ್ ಇಹ್ ಡಿರ್ ಹೆಲ್ಫೆನ್?'